ಒಂದು ಕೈಗೆ ತಿರುಗುವ ಸ್ಟೇರಿಂಗ್

ಹೂವಿನ ಹಿಪ್ಪರಗಿಯ ಅಂಚಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಬೇವಿನ ಮರದ ಕೆಳಗೆ ನಿಂತ ಹಳೆಯ ಟ್ರ್ಯಾಕ್ಟರಿಗೆ ಜಾಕ್ ಕೊಟ್ಟು, ಮುಂದಿನ ಎರಡೂ ಗಾಲಿಗಳನ್ನು ನೆಲದಿಂದ ಎತ್ತಿ, ಶೇವಂತೆವ್ವ ಸೀಟಿನ ಮೇಲೆ ಕೂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ. ಎಡಗೈಯನ್ನು ಬೇಕೆಂದೇ ಮಡಿಲಲ್ಲಿಟ್ಟುಕೊಂಡು ಬಲಗೈಯಿಂದಷ್ಟೇ ಸ್ಟೇರಿಂಗ್ ತಿರುಗಿಸಿ ನೋಡುತ್ತಾರೆ. ಅದು ಸ್ವಲ್ಪ ಬಂದು ಬಿಗಿಯಾಗಿ ನಿಂತುಬಿಡುತ್ತದೆ.

"ಎರಡ ಕೈ ಹಾಕಿದ್ರ ತಿರಗತೈತ್ರಿ. ಆದ್ರ ನಮ್ಮ ಮನಿಯವರಿಗೆ ಇರೂದು ಒಂದ ಕೈ" ಎನ್ನುತ್ತ ಕೆಳಗಿಳಿಯುತ್ತಾರೆ.

ಅವರ ಪತಿ ಶಂಕ್ರೆಪ್ಪ ಈ ಭಾಗದ ಹಳೆಯ ಟ್ರ್ಯಾಕ್ಟರುಗಳ ಮಿಸ್ತ್ರಿ. ಬಸವನ ಬಾಗೇವಾಡಿಯ ಕಡೆಯವರೂ ಮುದ್ದೇಬಿಹಾಳದ ಕಡೆಯವರೂ ಗಾಡಿ ಕೈಕೊಟ್ಟರೆ ಮೊದಲು ಈ ಬೇವಿನ ಮರಕ್ಕೇ ಬರುತ್ತಿದ್ದರು. ಮೂರು ವರ್ಷದ ಹಿಂದೆ ತೊಗರಿ ರಾಶಿ ಮಾಡುವಾಗ ಅವರ ಎಡಗೈ ಮಷಿನ್ನಿಗೆ ಸಿಕ್ಕಿತು. ಮೊಣಕೈವರೆಗೆ ತೆಗೆಯದೆ ಬೇರೆ ದಾರಿ ಇರಲಿಲ್ಲ. ಆಸ್ಪತ್ರೆಯಿಂದ ಬಂದವರು ಮತ್ತೆ ನಟ್ಟು ಬಿಚ್ಚುವ ಪಾನಾ ಮುಟ್ಟಲಿಲ್ಲ. ಅಂಗಳದಲ್ಲಿ ಕೂತರೂ ಮರದ ಕಡೆ ಬೆನ್ನು ಮಾಡಿ ಕೂರುತ್ತಿದ್ದರು.

ಆಗ ಮುಳವಾಡದ ರೈತರೊಬ್ಬರ ಟ್ರ್ಯಾಕ್ಟರ್ ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಅಂಗಳದಲ್ಲೇ ಉಳಿದಿತ್ತು. ಬಿಡಿಬಿಡಿಯಾದ ಗಾಡಿಯನ್ನು ವಾಪಸು ಕಳಿಸುವುದಾದರೂ ಹೇಗೆ? ಮದುವೆಯಾದಾಗಿನಿಂದ ಗಂಡನಿಗೆ ಪಾನಾ ಎತ್ತಿಕೊಡುತ್ತ, ಅವರ ಕೈಯನ್ನೇ ನೋಡುತ್ತ ಬಂದಿದ್ದ ಶೇವಂತೆವ್ವ ತಾವೇ ಜೋಡಿಸಲು ಕೂತರು. ಶಂಕ್ರೆಪ್ಪ ಒಂದು ಹೊತ್ತಿನಲ್ಲಿ ಮುಗಿಸುವ ಕೆಲಸ ಅವರಿಗೆ ಹೊತ್ತು ಮುಳುಗುವವರೆಗೂ ಹಿಡಿಯಿತು.

"ಗಾಡಿ ಚಾಲೂ ಆತು. ಖುಷಿ ಆಗಬೇಕಿತ್ತು, ಆಗಲಿಲ್ರಿ. ಇವರು ಬಾಗಲದಾಗ ನಿಂತು ನೋಡಿ, ಬೆನ್ನ ತಿರುಗಿಸಿ ಒಳಗ ಹೋದರು. ಅದು ಮನಸಿಗೆ ಹತ್ತಿತು."

ಅಂದಿನಿಂದ ಕೆಲಸ ಅವರದೇ. ಹೊಸ ಟ್ರ್ಯಾಕ್ಟರುಗಳು ಕಂಪನಿಯ ಶೋರೂಮಿಗೆ ಹೋಗುತ್ತವೆ. ಇವರ ಹತ್ತಿರ ಬರುವುದು ಬಿಡಿಭಾಗ ಸಿಗದ, ಮಾಲೀಕರಿಗೆ ಮಾರಲು ಮನಸ್ಸಾಗದ ಗಾಡಿಗಳು. ನಾಲತವಾಡದಿಂದ ಬರುತ್ತವೆ, ಒಮ್ಮೊಮ್ಮೆ ಇಂಡಿಯಿಂದಲೂ. ಬಿತ್ತನೆಗೆ ಮುಂಚಿನ ದಿನಗಳಲ್ಲಿ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕೆಲವರು ಇವರ ಕೈಯಲ್ಲಿ ಪಾನಾ ಇದ್ದರೂ ಮಿಸ್ತ್ರಿ ಎಲ್ಲಿ ಎಂದು ಕೇಳುತ್ತಾರೆ. ಅವರು ಕೆಲಸ ಮುಂದುವರಿಸುತ್ತಾರೆ.

ಆದರೆ ಬೆಳಗಿನ ಈ ಹೊತ್ತು ಗಿರಾಕಿಗಳದ್ದಲ್ಲ, ಸ್ವಂತ ಗಾಡಿಯದ್ದು. ಮದುವೆಯಾದ ಹೊಸತರಲ್ಲಿ ಶಂಕ್ರೆಪ್ಪ ಇದನ್ನು ಹಳೆಯದಾಗಿಯೇ ಕೊಂಡು ತಂದಿದ್ದರು. ಹೆಂಡತಿಯನ್ನು ಮಡಗಾರ್ಡಿನ ಮೇಲೆ ಕೂರಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದರು. ಮನೆ ತುಂಬ ಜನ ಇದ್ದ ಕಾಲ ಅದು. ಗಂಡಹೆಂಡತಿ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ಇಂಜಿನ್ನಿನ ಸದ್ದಿನ ನಡುವೆ, ಕೂಗಿ ಕೂಗಿ. ಕೈ ಹೋದ ಮೇಲೆ ಗಾಡಿ ಮರದ ಕೆಳಗೇ ನಿಂತಿತು. ಮುದ್ದೇಬಿಹಾಳದ ವ್ಯಾಪಾರಿಯೊಬ್ಬ ಕೇಳಿಕೊಂಡು ಬಂದಾಗ ಕೊಟ್ಟುಬಿಡು ಎಂದರು ಶಂಕ್ರೆಪ್ಪ. ಶೇವಂತೆವ್ವ ಕೊಡಲಿಲ್ಲ. ಆಮೇಲೆ ಮನೆಯಲ್ಲಿ ಇದ್ದ ಅಷ್ಟಿಷ್ಟು ಮಾತೂ ನಿಂತಿತು.

ಗಂಡ ಒಂದೇ ಕೈಯಲ್ಲಿ ಓಡಿಸುವಂತಾಗಲಿ ಎಂದು ಹೋದ ವರ್ಷ ಶೇವಂತೆವ್ವ ಬಿಗಿ ಬಿಡಿಸಲು ಹೊರಟು, ಸ್ಟೇರಿಂಗಿನ ಬುಡದ ಬಾಕ್ಸಿನ ಮೇಲೆ ಗುಮಾನಿಪಟ್ಟು ಅದನ್ನು ಬಿಚ್ಚಿದ್ದರು. ಮತ್ತೆ ಜೋಡಿಸುವಾಗ ಸ್ಕ್ರೂ ಹೆಚ್ಚು ಬಿಗಿದು, ತಿರುಗುವುದು ಇನ್ನಷ್ಟು ಕಷ್ಟವಾಯಿತು. ಅತ್ತು, ಕೆಲಸವನ್ನು ಅಲ್ಲಿಗೇ ಬಿಟ್ಟಿದ್ದರು. ಈ ಬೇಸಿಗೆಯಲ್ಲಿ ಮೊದಲಿನಿಂದ ಶುರು ಮಾಡಿದ್ದಾರೆ. ಬಿಗಿದ ಸ್ಕ್ರೂ ಸಡಿಲಿಸಿದರು, ಮುಂದಿನ ಟೈರಿಗೆ ಗಾಳಿ ತುಂಬಿದರು. ಗಾಲಿ ನೆಲ ಬಿಟ್ಟು ಎತ್ತಿದರೂ ಬಿಗಿ ಹೋಗಿಲ್ಲ ಎಂದ ಮೇಲೆ ಅದಕ್ಕೆ ಗಾಡಿಯ ಭಾರ ಕಾರಣವಲ್ಲ ಎಂಬುದು ಖಾತ್ರಿಯಾಗಿದೆ.

ಈಗ ಸ್ಟೇರಿಂಗಿಗೂ ಗಾಲಿಗಳಿಗೂ ನಡುವಿನ ರಾಡುಗಳನ್ನು ಕಳಚುತ್ತಾರೆ. ಸ್ಟೇರಿಂಗ್ ಬೆರಳಿಗೆ ತಿರುಗುತ್ತದೆ. ಅಂದರೆ ತಪ್ಪು ಬಾಕ್ಸಿನದ್ದಲ್ಲ. ಬಲಗಡೆಯ ಗಾಲಿ ದೂಡುತ್ತಾರೆ, ಸರಾಗವಾಗಿ ಹೊರಳುತ್ತದೆ. ಎಡಗಡೆಯದು ಜಪ್ಪಯ್ಯ ಅನ್ನುವುದಿಲ್ಲ. ಆ ಗಾಲಿ ಹೊರಳುವ ದಂಡ ತನ್ನ ಸುತ್ತಲಿನ ಲೋಹದ ಬಳೆಯ, ಅಂದರೆ ಬುಷ್ಷಿನ, ಒಳಗೇ ಕಚ್ಚಿಕೊಂಡಿದೆ. ಶೇವಂತೆವ್ವ ಸುತ್ತಿಗೆ ತೆಗೆದುಕೊಂಡು ಒಂದು ಪೆಟ್ಟು ಹಾಕುತ್ತಾರೆ.

"ಹೊಡಿಬ್ಯಾಡ. ಬಾಗತೈತಿ."

ತಿರುಗಿ ನೋಡಿದರೆ ಶಂಕ್ರೆಪ್ಪ. ಅಂಗಿಯ ಖಾಲಿ ತೋಳು ಗಾಳಿಗೆ ಅಲ್ಲಾಡುತ್ತಿದೆ. ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಒಣಗಿದ ಮಣ್ಣು ಕೆರೆಯುತ್ತಾರೆ. ಗ್ರೀಸ್ ಒಳಹೋಗುವ ಬಾಯಿ ಮುಚ್ಚಿಹೋಗಿದೆ, ಎಷ್ಟು ಗ್ರೀಸ್ ತುಂಬಿದರೂ ಅದು ಹೊರಗೇ ಉಳಿದಿದೆ ಎಂದು ತೋರಿಸುತ್ತಾರೆ. ಮೊದಲು ಡೀಸೆಲ್ ಹಾಕಿ ನೆನೆಯಲು ಬಿಡು ಎನ್ನುತ್ತಾರೆ. ಶೇವಂತೆವ್ವ ಹೂಂ ಎನ್ನುತ್ತಾರೆ, ಅಷ್ಟೇ. ಹೆಚ್ಚು ಮಾತಾಡಿದರೆ ಎಲ್ಲಿ ಎದ್ದುಹೋಗುತ್ತಾರೋ ಎಂಬ ಅಳುಕು.

ಮುಂದಿನ ಕೆಲಸ ದಿನಗಟ್ಟಲೆ ನಡೆಯುತ್ತದೆ. ದಂಡ ಹೊರಬರುವ ಹೊತ್ತಿಗೆ ಬುಷ್ ಪುಡಿಯಾಗಿದೆ. ಸಿಂದಗಿಯಲ್ಲಿ ಲೇತ್ ನಡೆಸುವ ಅಬ್ದುಲರಜಾಕ ಹೊಸದನ್ನು ಕಡೆದು ಕೊಡುತ್ತಾರೆ. ಜೊತೆಗೆ, ಯಾರೂ ಕೇಳದಿದ್ದರೂ, ಸ್ಟೇರಿಂಗಿಗೆ ಕೂರಿಸುವ ಗುಂಡನೆಯ ಹಿಡಿಕೆಯೊಂದನ್ನು ಮಾಡಿ ಕಳಿಸುತ್ತಾರೆ. ಅದನ್ನು ಹಿಡಿದರೆ ಒಂದೇ ಕೈಯಲ್ಲಿ ಪೂರ್ತಿ ಸುತ್ತು ತಿರುಗಿಸಬಹುದು. ಶಂಕ್ರೆಪ್ಪ ಆ ಹಿಡಿಕೆಯನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡುತ್ತಾರೆ. ಆಮೇಲೆ ಅವರು ಅದನ್ನು ಸ್ಟೇರಿಂಗಿಗೆ ಇಟ್ಟು ಹಿಡಿಯುತ್ತಾರೆ, ಶೇವಂತೆವ್ವ ನಟ್ ಬಿಗಿಯುತ್ತಾರೆ.

ಒಂದು ಮುಂಜಾನೆ ಶಂಕ್ರೆಪ್ಪ ಸೀಟು ಹತ್ತುತ್ತಾರೆ. ಗಾಡಿ ಅಂಗಳ ದಾಟಿ ಬಂಡಿದಾರಿಗೆ ಇಳಿಯುತ್ತದೆ. ತಿರುವಿನಲ್ಲಿ ಒಂದೇ ಕೈ ಸಾಕಾಗುತ್ತದೆ. ಆದರೆ ಹೊಲದ ಮೆತ್ತನೆಯ ಎರೆಮಣ್ಣಿಗೆ ಇಳಿದ ಕೂಡಲೇ ಸ್ಟೇರಿಂಗ್ ಭಾರವಾಗುತ್ತದೆ. ಎರಡು ಸಲ ಯತ್ನಿಸಿ, ಬೆವರೊರೆಸಿಕೊಂಡು ಮರಳುತ್ತಾರೆ.

"ಹೊಲದಾಗ ಇನ್ನಾ ಬಿರುಸ ಐತಿ. ನೋಡೂಣು" ಎಂದಷ್ಟೇ ಹೇಳಿ ಇಳಿಯುತ್ತಾರೆ. ಬಿಟ್ಟುಬಿಡೋಣ ಎನ್ನುವುದಿಲ್ಲ.

ಮುಂಗಾರಿಗೆ ಇನ್ನೂ ಸಮಯವಿದೆ. ನಿಮಗೇನು ಆಸೆ ಎಂದು ಕೇಳಿದರೆ ಶೇವಂತೆವ್ವ ಗ್ರೀಸಿನ ಕೈ ಒರೆಸುತ್ತ ಹೊಲದ ಕಡೆ ನೋಡುತ್ತಾರೆ.

"ಒಂದ ಸಲ ಅವರು ಬಿತ್ತಾಕ ಹೋಗಬೇಕ್ರಿ. ನಾ ಬುತ್ತಿ ಒಯ್ಯೂದು ತಡಾ ಆಗಬೇಕು. ಹಸದ ಕುಂತಾವರು, ಯಾಕ ಇಷ್ಟ ತಡಾ ಮಾಡಿದಿ ಅಂತ ಹೊಲ ತುಂಬ ಕೇಳೂವಂಗ ಬೈಬೇಕು. ಆ ಬೈಗಳಾ ಕೇಳಿ ಭಾಳ ದಿನಾ ಆತ್ರಿ."