ಕುಪ್ಪಸದ ಹುಳಕ್ಕೆ ಎರಡನೆಯ ಸಾಕ್ಷಿ

"ವಾಣಿ ಮನಿಗೆ ಹೋದ್ರೆ ಮಾತ್ರ ನೀರು ಕೇಳಬ್ಯಾಡ್ರಿ. ಯಾವ ಲೋಟದಾಗೆ ಯಾವ ಹುಳ ಐತೋ, ಆಕಿಗೇ ಗೊತ್ತಿರಲ್ಲ" ಎಂದು ಆನೆಕೊಂಡದ ನಿರ್ಮಲಮ್ಮ ಬಂದವರಿಗೆಲ್ಲ ಹೇಳುತ್ತಿದ್ದರು. ವಾಣಿಯ ಮನೆಗೆ ಗೋಡೆ ಅಂಟಿದ ಮನೆ ಅವರದು. ಹೀಗೆ ಆಡಿಕೊಂಡವರೇ ಸಂಜೆ ಬಿಸಿ ರೊಟ್ಟಿಯನ್ನು ಕಾಂಪೌಂಡಿನ ಮೇಲಿಂದ ದಾಟಿಸುತ್ತಿದ್ದರು.

ವಾಣಿ ದಾವಣಗೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಕೆರೆಯಿರಲಿ, ನಾಲೆಯಿರಲಿ, ನೀರು ಕಂಡಲ್ಲಿ ಕಲ್ಲು ಮಗುಚಿ ನೋಡುವುದು ಆಕೆಯ ಚಾಳಿ. ತೊಂಬತ್ತೊಂಬತ್ತರ ಆರಂಭದಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಪರಶುರಾಮ್ ಇಂಟರ್‌ನೆಟ್ ಅಂಗಡಿ ತೆರೆದ. ಅಲ್ಲಿ ಕೂತು ಆಕೆ ಒಂದು ಹೊಸ ಸಂಗತಿ ಕಲಿತಳು. ವಿಕಿ ಅಂತೆ. ಒಬ್ಬರು ಬರೆದ ಪುಟವನ್ನು ಯಾವ ಊರಲ್ಲಿ ಕೂತವರಾದರೂ ತೆರೆದು ತಿದ್ದಬಹುದಂತೆ. ಆಕೆ ಸಿಹಿನೀರಿನ ಹುಳಗಳಿಗಾಗಿ ಅಂಥದ್ದೊಂದು ಶುರು ಮಾಡಿದಳು: ಹುಳಕ್ಕೊಂದು ಪುಟ, ಅದರಲ್ಲಿ ಚಿತ್ರ, ಕಂಡ ಜಾಗ, ಊರವರು ಕರೆಯುವ ಹೆಸರು. ಧಾರವಾಡ, ಮೈಸೂರು, ಕೊಲ್ಲಾಪುರಗಳಿಂದ ಜನ ಬಂದು ಸೇರಿದರು. ಒಬ್ಬರ ಮುಖ ಒಬ್ಬರು ನೋಡದ ಜನ, ಬಸವನಹುಳದ ಚಿಪ್ಪು ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂದು ಜಗಳಾಡುತ್ತಲೇ ಹತ್ತಿರದವರಾದರು.

ಮೊದಲ ತಿಂಗಳೇ ಒಂದು ಎಡವಟ್ಟಾಯಿತು. ಹುಳ ನೋಡಲು ಕೆರೆನೀರು ತುಂಬಿ ಅವಳು ಅಂಗಡಿಗೆ ತಂದಿದ್ದ ಬಿಳಿ ಬಟ್ಟಲಲ್ಲಿ ಬೆಳ್ಳಗೆ ಉಬ್ಬಿದ್ದೊಂದು ತೇಲುತ್ತಿತ್ತು. ಯಾವುದೋ ಮೊಟ್ಟೆಯ ಗೂಡಿರಬೇಕೆಂದು ಚಿತ್ರ ಬರೆದು ಪುಟಕ್ಕೇರಿಸಿದಳು. ಪಂಡಿತರು ವಾರವಿಡೀ ಚರ್ಚಿಸಿದರು. ಕೊನೆಗೆ ಪರಶುರಾಮ್ ಚಿತ್ರ ನೋಡಿ, "ಮೇಡಂ, ಅದು ನಂದು" ಅಂದ. "ಮೊನ್ನೆ ನಿಮ್ಮ ಬಟ್ಟಲ ಮ್ಯಾಲೆ ಬಗ್ಗಿ ಮಂಡಕ್ಕಿ ತಿಂತಿದ್ನಲ್ಲ. ಖಾರದ್ದು, ನೋಡ್ರಿ, ತುದಿ ಕೆಂಪೈತೆ."

ಅಂದಿನಿಂದ ವಾಣಿ ಒಂದು ಕಟ್ಟಳೆ ಹಾಕಿದಳು. ಇಬ್ಬರು ಕಣ್ಣಾರೆ ಕಂಡೆವೆಂದು ಬರೆದರೆ ಮಾತ್ರ ಪುಟ ನಿಲ್ಲಬೇಕು. ವರ್ಷದೊಳಗೆ ಎರಡನೆಯವರು ಬರದಿದ್ದರೆ ಅಳಿಸಬೇಕು.

ಆ ಕಟ್ಟಳೆಗೆ ಅವಳದೇ ಪುಟ ಸಿಕ್ಕಿಕೊಂಡಿತು.

ಹೊಳೆ ಇಳಿದಾಗ ಹರಿಹರದ ಸೇತುವೆ ಕೆಳಗಿನ ಕಲ್ಲುಗಳಡಿ ಕಾಣುವ ಹುಳ ಅದು. ಮರಳಿನ ಕಾಳು ಜೋಡಿಸಿ ಮೈಗೊಂದು ಗೂಡು ಹೊಲಿದುಕೊಳ್ಳುತ್ತದೆ. ಕೊರಳ ಸುತ್ತ ಮಾತ್ರ ಕಾಗೆಬಂಗಾರದ ಮಿಂಚು. ಡಿಗ್ರಿ ಓದುವಾಗ ವಾಣಿ, ಅವಳ ಗೆಳತಿ ಅಂಬಿಕಾ ಇಬ್ಬರೂ ಮೊಣಕಾಲು ನೀರಲ್ಲಿ ನಿಂತು ಅದನ್ನು ಕಂಡಿದ್ದರು. ಅಂಬಿಕಾಳ ತಾಯಿ ಹರಿಹರದಲ್ಲಿ ಕುಪ್ಪಸ ಹೊಲಿಯುತ್ತಿದ್ದರು. "ನಮ್ಮವ್ವನೂ ಇಷ್ಟು ಸಣ್ಣ ಹೊಲಿಗೆ ಹಾಕಂಗಿಲ್ಲ ಕಣೆ" ಎಂದು ಅಂಬಿಕಾಳೇ ಅದಕ್ಕೆ ಕುಪ್ಪಸದ ಹುಳವೆಂದು ಹೆಸರಿಟ್ಟಳು. ಆಮೇಲೆ ಮದುವೆಯಾಗಿ ಸೊಲ್ಲಾಪುರದ ಕಡೆ ಹೋದಳು. ತಾಯಿ ತೀರಿದ ಮೇಲೆ ಎಲ್ಲಿದ್ದಾಳೆಂದು ಕೇಳುವುದಕ್ಕೂ ಹರಿಹರದಲ್ಲಿ ಮನೆ ಉಳಿಯಲಿಲ್ಲ.

ವಾಣಿ ದಿನವೂ ಸಂಜೆ ಆ ಪುಟ ತೆರೆದು ನೋಡುವಳು. ಗಡುವು ಹತ್ತಿರ ಬಂತು.

"ಎರಡನೇ ಹೆಸರು ನಾ ಹಾಕ್ತೀನಿ ತಗಳ್ರಿ" ಅಂದ ಪರಶುರಾಮ್.

"ನೀ ಕಂಡಿಲ್ಲಲ್ಲ."

"ಕರ್ಕೊಂಡು ಹೋಗಿ ತೋರಿಸ್ರಿ, ಕಾಣ್ತೀನಿ."

ವಾಣಿ ಪುಟ ಮುಚ್ಚಿದಳು. ಎರಡನೆಯ ಹೆಸರಿನ ಜಾಗ ಅಂಬಿಕಾಳದು.

ದೀಪಾವಳಿ ಕಳೆದ ವಾರ ಪುಟದ ಕೆಳಗೆ, ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ ಕನ್ನಡದ ಸಾಲುಗಳು ಕಂಡವು: 'ನಾನೂ ಕಂಡಿದ್ದೇನೆ. ಆದರೆ ಕೊರಳಿನ ಮಿಂಚು ಒಂದು ಸುತ್ತೋ ಎರಡೋ, ಮರೆತಿದೆ. ಮತ್ತೊಮ್ಮೆ ನೋಡದೆ ಸಾಕ್ಷಿ ಹೇಳಲಾರೆ. ಹೊಳೆ ಇಳಿದಾಗ ಬರುತ್ತೇನೆ.' ಹೆಸರಿಲ್ಲ, ಬರುವ ದಿನವಿಲ್ಲ. ಇದು ಅಂಬಿಕಾಳೇ ಎಂದಳು ವಾಣಿ.

"ಅವರೇ ಅಂತ ಹೆಂಗೆ ಹೇಳ್ತೀರಿ ಮೇಡಂ?"

"ಕೊರಳಿಗೆ ಮಿಂಚೈತೆ ಅಂತ ನಾ ಎಲ್ಲೂ ಬರ್ದಿಲ್ಲ ಪರಶುರಾಮ. ಚಿತ್ರದಾಗೂ ಹಾಕಿಲ್ಲ."

ವಾಣಿ ಓಡಾಡಿ ಹರಿಹರದ ಸ್ಕೂಲಿಗೆ ವರ್ಗ ಮಾಡಿಸಿಕೊಂಡಳು. ಹೊಳೆದಂಡೆಯಲ್ಲಿ, ಸೇತುವೆ ಕಾಣುವಂಥ ಒಂದು ಕೋಣೆ ಹಿಡಿದಳು.

ಹೊರಡುವ ಬೆಳಿಗ್ಗೆ ನಿರ್ಮಲಮ್ಮ ಬಾಗಿಲಿಗೆ ಬಂದರು. "ಬಸ್ಸಿನಾಗೆ ಅರ್ಧ ತಾಸಿನ ದಾರಿ. ಇಲ್ಲಿಂದಲೇ ಹೋಗಿ ಬರಬಾರದೇನೆ?"

"ನಾ ಈ ಕಡೆ ಬಂದಾಗ ಅವಳು ಬಂದು ಹೋಗಿಬಿಟ್ರೆ, ನಿರ್ಮಲಕ್ಕ?"

ನಿರ್ಮಲಮ್ಮ ಹೊಸ್ತಿಲ ಮೇಲೆ ಕೂತರು. "ಒಂದು ಲೋಟ ನೀರು ಕೊಡು ಮತ್ತೆ. ಇಷ್ಟು ವರ್ಷದಾಗೆ ನಿಮ್ಮನಿ ನೀರು ಕುಡಿದಿಲ್ಲ."

"ಕೊಡ ಬೋರಲು ಹಾಕಿಬಿಟ್ಟೆ ಅಕ್ಕ."

ವಾಣಿ ಬೀಗ ಹಾಕಿ ಕೀಲಿಯನ್ನು ಅವರ ಕೈಗಿಟ್ಟಳು. ಸೀರೆಯಲ್ಲಿ ಸುತ್ತಿದ ಎರಡು ಬಿಳಿ ಬಟ್ಟಲನ್ನು ಎದೆಗವಚಿಕೊಂಡು ಬಸ್‌ಸ್ಟ್ಯಾಂಡ್ ಕಡೆ ನಡೆದಳು.