ಗುರುಲಿಂಗಮ್ಮ ಟೀಚರ ಎಡ ಅಂಗೈ

ಚಿಮ್ಮನಚೋಡದ ಗುರುಲಿಂಗಮ್ಮ ಟೀಚರ ಬಗ್ಗೆ ಬರೆಯಲು ನನಗಿಂತ ಯೋಗ್ಯರು ನೂರು ಜನ ಸಿಗುತ್ತಾರೆ. ಆ ನೂರರಲ್ಲಿ ಅರ್ಧ ಜನರಿಗೆ ಅಕ್ಷರ ಕಲಿಸಿದವರೂ ಅವರೇ. ನಾನು ಅವರ ಭುಜ ಕೆಡಿಸಿದ ಡಾಕ್ಟರ್. ಬೇರೆ ಯಾರಾದರೂ ಬರೆದರೆ ಆ ಭಾಗ ಬಿಟ್ಟುಹೋಗುತ್ತದೆ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಸೇಡಂನಲ್ಲಿ ನನ್ನದೊಂದು ಸಣ್ಣ ಆಸ್ಪತ್ರೆ ಇದೆ. ಎಲುಬಿನ ಡಾಕ್ಟರುಗಳು ಕಲಬುರಗಿಯಲ್ಲಿ ಗಲ್ಲಿಗೊಬ್ಬರು ಇದ್ದಾರೆ. ಆದರೆ ಭುಜವೊಂದನ್ನೇ ಹಿಡಿದು ಕೂತವನು ಈ ಸೀಮೆಗೆ ನಾನೊಬ್ಬನೇ. ಬುಧವಾರ ಚಿತ್ತಾಪುರ, ಗುರುವಾರ ವಾಡಿ ಮುಗಿಸಿ ಸಂಜೆಗೆ ಶಹಾಬಾದ್, ಶನಿವಾರ ಚಿಂಚೋಳಿ. ಸಂಗಮೇಶ್ವರ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ‘ರಟ್ಟಿ ಡಾಕ್ಟರ್’ ಎಂದರೆ ಆಟೋದವನೂ ದಾರಿ ತೋರಿಸುತ್ತಾನೆ. ನೆಲಕ್ಕೆ ಹಾಸುವ ಫರ್ಸಿ ಕಲ್ಲು ಎತ್ತಿದವರು, ಸಿಮೆಂಟ್ ಚೀಲ ಹೊತ್ತವರು, ಆದಿತ್ಯನಗರದ ಸಿಮೆಂಟ್ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಶಟಲ್ ಆಡಿ ರಟ್ಟೆ ಹಿಡಿಸಿಕೊಂಡ ಸಾಹೇಬರು, ಎಲ್ಲರೂ ಬರುತ್ತಾರೆ. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ನನಗೊಂದು ಸೊಕ್ಕು ಬಂದಿತ್ತು. ರೋಗಿ ಬಾಗಿಲಲ್ಲಿ ಕಾಣಿಸಿದ ಕೂಡಲೇ ಮನಸ್ಸಿನಲ್ಲಿ ಚೀಟಿ ಬರೆದು ಮುಗಿಸಿರುತ್ತಿದ್ದೆ.

ಟೀಚರು ಮೊದಲು ಬಂದದ್ದು ಮೇ ತಿಂಗಳ ಒಂದು ಶನಿವಾರ, ಚಿಂಚೋಳಿಗೆ. ಅಲ್ಲಿ ನಾನು ಕೂರುವ ಕೋಣೆಗೂ ಜನ ಕೂರುವ ಹಾಲ್‌ಗೂ ನಡುವೆ ಒಂದು ಪರದೆ ಅಷ್ಟೇ. ಒಳಗೆ ಕೆಮ್ಮಿದರೂ ಹೊರಗೆ ಕೇಳುತ್ತದೆ. ಹೊರಗೆ ನಲವತ್ತು ಜನ ಇದ್ದರು. ಟೀಚರಿಗೆ ಅರವತ್ತೊಂದು ವರ್ಷ. ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡು, ಬಲಗೈಯಿಂದ ಅದಕ್ಕೆ ಆಸರೆ ಕೊಟ್ಟು ಬಂದಿದ್ದರು. ಹಿಂದೆ ಸೊಸೆ ಭಾಗ್ಯಜ್ಯೋತಿ ಫೈಲು ಹಿಡಿದು ನಿಂತಿದ್ದಳು.

“ಎಷ್ಟ ದಿನ ಆತ್ರಿ?”

“ಒಂಬತ್ತ ದಿನ ಆತ್ರಿ ಸರ್.”

“ಬಿದ್ದಿದ್ರೇನು?”

“ಇಲ್ರಿ, ಬಿದ್ದಿಲ್ಲ.”

“ಸಕ್ರಿ ಕಾಯಿಲೆ?”

“ಹನ್ನೆರಡ ವರ್ಷದಿಂದ ಅದರಿ.”

ನನಗೆ ಅಷ್ಟೇ ಸಾಕಾಯಿತು. ಸಕ್ಕರೆ ಕಾಯಿಲೆಯ ಹೆಂಗಸು, ವಯಸ್ಸು ಅರವತ್ತು, ಬಿಗಿದ ಭುಜ. ಇಂಥವರು ತಿಂಗಳಿಗೆ ಮೂವತ್ತು ಮಂದಿ ಬರುತ್ತಾರೆ. ಆ ಬಿಗಿತ ಬರಲು ತಿಂಗಳುಗಟ್ಟಲೆ ಬೇಕು, ಒಂಬತ್ತು ದಿನಕ್ಕೆ ಕೈ ಹೀಗೆ ಕಟ್ಟಿಹೋಗುವುದಿಲ್ಲ ಎಂದು ಎರಡನೇ ವರ್ಷದ ವೈದ್ಯ ವಿದ್ಯಾರ್ಥಿಯೂ ಹೇಳಿಯಾನು. ನಾನು ಯೋಚಿಸಲೇ ಇಲ್ಲ. ಎಕ್ಸ್‌ರೇ ತೆಗೆಯುವ ಧರ್ಮಣ್ಣ ಎದುರಿನಿಂದ ಒಂದು ಫೋಟೋ ತೆಗೆದು ತಂದ. ಕೀಲು ನೋಡಲಿಕ್ಕೆ ಸರಿಯಾಗಿಯೇ ಕಂಡಿತು.

“ಕಂಕಳದಾಗಿಂದ ಇನ್ನೊಂದ ತೆಗೀಲೇನ್ರಿ ಸರ್?” ಎಂದು ಕೇಳಿದ.

“ಹೊರಗ ಪಾಳಿ ನೋಡಿಯೇನು? ಬ್ಯಾಡ ನಡಿ,” ಎಂದೆ.

ಏಳುವಾಗ ಟೀಚರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. “ಸರ್, ಅಂಗೈ ಮ್ಯಾಲಕ್ಕ ಹೊರಳವಲ್ದು. ಲಿಂಗಪೂಜಾ ನಿಂತದ್ರಿ. ಇಟ್ರ ಲಿಂಗಯ್ಯ ಜಾರತಾನ.”

ಬೇರೆ ಸೀಮೆಯಿಂದ ಬಂದ ಡಾಕ್ಟರಾಗಿದ್ದರೆ ಇದು ಅರ್ಥವಾಗಲಿಲ್ಲ ಎನ್ನಬಹುದಿತ್ತು. ನಾನೂ ಲಿಂಗ ಕಟ್ಟಿಕೊಂಡ ಮನೆತನದವನು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಎದೆಯ ಮುಂದೆ ಹಿಡಿದು, ದಿಟ್ಟಿಸಿ ನೋಡುವುದನ್ನು ಏಳನೇ ವಯಸ್ಸಿಗೆ ಕಲಿತವನು. ಮುಂದೆ ಚಾಚಿದ ಕೈಯ ಅಂಗೈ ಮೇಲಾಗದಿದ್ದರೆ ಭುಜದ ಗುಂಡು ತನ್ನ ಬಟ್ಟಲಿನಿಂದ ಹಿಂದಕ್ಕೆ ಜಾರಿ ಸಿಕ್ಕಿಕೊಂಡಿದೆ ಎಂದೇ ತಿಳಿಯಬೇಕು ಎಂಬುದು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದ ಉತ್ತರ. ಪುಸ್ತಕದ ಆ ಗುರುತನ್ನು ಟೀಚರು ತಮ್ಮ ಪೂಜೆಯ ಮಾತಿನಲ್ಲಿ ನನ್ನ ಮುಂದಿಟ್ಟಿದ್ದರು. ನಾನು ಏನೆಂದೆ ಗೊತ್ತೇ?

“ಬಲಗೈಯಾಗ ಇಟ್ಕೋರಿ. ದೇವರು ಎಡ ಬಲ ನೋಡಾಂಗಿಲ್ಲ.”

ಪರದೆಯ ಆಚೆ ನಾಲ್ಕು ಜನ ನಕ್ಕರು. ನನಗೂ ಖುಷಿಯಾಯಿತು. ಈಗ ಅದನ್ನು ನೆನೆದರೆ ಮುಖ ಎಲ್ಲಿಡಲಿ ಅನಿಸುತ್ತದೆ.

ಬಿಗಿತ ಬಿಡಿಸುವ ವ್ಯಾಯಾಮ ಬರೆದುಕೊಟ್ಟೆ. ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಮೇಲೇರಿಸಬೇಕು, ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ಆಗಸ್ಟಿನಲ್ಲಿ ಮತ್ತೆ ಬಂದಾಗ ಕೈ ಮೊದಲು ಎಲ್ಲಿತ್ತೋ ಅಲ್ಲೇ ಇತ್ತು. ಅವತ್ತು ಬೆಳಗ್ಗೆಯಿಂದ ಕರೆಂಟು ಇರಲಿಲ್ಲ, ನನ್ನ ತಲೆ ಕಾದಿತ್ತು. ಹೊರಗಿನವರಿಗೂ ಕೇಳಲಿ ಎಂಬಂತೆ ದನಿ ಏರಿಸಿದೆ.

“ಮೂವತ್ತೊಂದು ವರ್ಷ ಮಕ್ಕಳಿಗಿ ಹೋಂವರ್ಕ್ ಕೊಟ್ಟವರು ನೀವು. ನಿಮ್ಮ ಹೋಂವರ್ಕ್ ನೀವs ಮಾಡಾಂಗಿಲ್ಲಂದ್ರ ಹ್ಯಾಂಗ್ರಿ? ಮೈಗಳ್ಳತನಕ್ಕ ನನ್ನ ಹಂತ್ಯಾಕ ಔಷಧ ಇಲ್ಲ.”

ಟೀಚರು “ಬರ್ತೀನ್ರಿ ಸರ್” ಎಂದರು. ಸೆರಗು ಸರಿಮಾಡಿಕೊಂಡು ಎದ್ದು ಹೋದರು. ಆ ಮಾತು ಅವರಿಗಿಂತ ಮೊದಲೇ ಚಿಮ್ಮನಚೋಡ ಮುಟ್ಟಿತ್ತು ಎಂದು ಆಮೇಲೆ ತಿಳಿಯಿತು. ಕಿರಾಣಿ ಅಂಗಡಿಯಲ್ಲಿ ಕೂತಿದ್ದ ಅವರದೇ ಹಳೆಯ ವಿದ್ಯಾರ್ಥಿ “ಟೀಚರ್, ಹೋಂವರ್ಕ್ ಆತೇನ್ರಿ?” ಎಂದು ಕೇಳಿದನಂತೆ. ತೆಲಂಗಾಣದ ಗಡಿಗೆ ಹತ್ತಿದ ಕುಂಚಾವರಂ ಕಡೆಯ ಹಳ್ಳಿಗಳಲ್ಲಿ ಹನ್ನೊಂದು ವರ್ಷ ಇದ್ದು, ತೆಲುಗು ಮಾತಾಡುವ ಮಕ್ಕಳಿಗೆ ಕನ್ನಡ ಕಲಿಸಲು ತಾವೇ ಮೊದಲು ತೆಲುಗು ಕಲಿತ ಹೆಂಗಸು ಅವರು. ಬಸ್ಸು ತಪ್ಪಿದ ದಿನ ನಡೆದೇ ಶಾಲೆ ಮುಟ್ಟುತ್ತಿದ್ದರು. ನನ್ನ ಬಾಯಿಂದಾಗಿ ಅವರಿಗೆ ಊರಲ್ಲಿ ಮೈಗಳ್ಳಿ ಎಂಬ ಹೆಸರು ಬಂತು.

ಡಿಸೆಂಬರಿನಲ್ಲಿ ಮತ್ತೆ ಬಂದರು. ಕೂರುವ ಮೊದಲೇ ಎರಡು ಗೆರೆಯ ಕಾಪಿ ಪುಸ್ತಕವೊಂದನ್ನು ನನ್ನ ಮೇಜಿನ ಮೇಲಿಟ್ಟರು.

“ಒಂದಿನ ತಪ್ಪಿಸಿಲ್ರಿ ಸರ್. ನೀವs ನೋಡ್ರಿ.”

ಪ್ರತಿ ಸಾಲಿಗೂ ತಾರೀಕು. ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು. ಕೊನೆಗೆ, ಗೋಡೆಯ ಮೇಲೆ ಬೆರಳು ಮುಟ್ಟಿದ ಎತ್ತರ. ಮೊದಲ ಪುಟದಲ್ಲಿ ನಲವತ್ತೆಂಟು ಇಂಚು, ಕೊನೆಯ ಪುಟದಲ್ಲೂ ನಲವತ್ತೆಂಟು ಇಂಚು. ಆಗಸ್ಟಿನ ನಂತರ ಇಪ್ಪತ್ತು ಹೋಗಿ ನಲವತ್ತಾಗಿತ್ತು. ಅಲ್ಲಲ್ಲಿ ದುಂಡು ಅಕ್ಷರದಲ್ಲಿ “ನೋವು ಬಹಳ. ಕಣ್ಣೀರು ಬಂತು. ಆದರೂ ಮಾಡಿದೆ” ಎಂದು ಬರೆದಿತ್ತು. ಏಳು ತಿಂಗಳಲ್ಲಿ ಮೊದಲ ಸಲ ಅವರನ್ನು ಸರಿಯಾಗಿ ನೋಡಿದೆ.

“ಎರಡೂ ಕೈ ಮುಂದ ಚಾಚ್ರಿ. ಅಂಗೈ ಮ್ಯಾಲ ಮಾಡ್ರಿ.”

ಬಲ ಅಂಗೈ ಮೇಲಾಯಿತು. ಎಡಗೈ ನಡುದಾರಿಯಲ್ಲೇ ನಿಂತಿತು.

“ನೋವು ಶುರುವಾದ ದಿನ ಏನಾಗಿತ್ರಿ?”

“ಕೂಲರಿಗಿ ನೀರ ಹಾಕಾಕ ಹೋಗಿದ್ದೆ. ತಗಡ ಮುಟ್ಟಿದ ಕೂಡ್ಲೆ ಝಟಕಾ ಹೊಡೀತು. ಕೈ ಸೆಟೆದು ನಿಂತಬಿಡ್ತು.”

“ಮೊದಲs ಯಾಕ ಹೇಳಲಿಲ್ಲ?”

“ಬಿದ್ದಿದ್ರೇನು ಅಂತ ಕೇಳಿದ್ರಿ. ನಾ ಬಿದ್ದಿದ್ದಿಲ್ಲರಿ.”

ಕರೆಂಟಿನ ಝಟಕೆಗೆ ಭುಜ ಹಿಂದಕ್ಕೆ ಜಾರುತ್ತದೆ. ಎದುರಿನ ಒಂದೇ ಫೋಟೋದಲ್ಲಿ ಅದು ಅಡಗಿ ಕೂರುತ್ತದೆ. ಅದಕ್ಕೇ ಎರಡನೆಯದು ತೆಗೆಯಬೇಕು. ಅವತ್ತೇ ಧರ್ಮಣ್ಣನ ಕೈಯಲ್ಲಿ ಅದನ್ನು ತೆಗೆಸಿದೆ. ಅವನು ಹಳೆಯ ಫಿಲ್ಮನ್ನೂ ಹೊಸದನ್ನೂ ಪಕ್ಕಪಕ್ಕ ದೀಪಕ್ಕೆ ಸಿಗಿಸಿ, ನನ್ನ ಮುಖ ನೋಡದೆ ಹೊರಗೆ ಹೋದ. ಟೀಚರನ್ನು ಕಲಬುರಗಿಗೆ ಸಿ.ಟಿ. ಮಾಡಿಸಲು ಕಳಿಸಿ, ಮುಂದಿನ ಶನಿವಾರ ಬರಲು ಹೇಳಿದೆ.

ಆ ವಾರದಲ್ಲಿ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಕಾರಿನಲ್ಲಿ ಒಬ್ಬನೇ ಹೋಗುತ್ತ ಒಂದು ವಾಕ್ಯ ಬಾಯಿಪಾಠ ಮಾಡುತ್ತಿದ್ದೆ: “ವ್ಯಾಯಾಮ ಮಾಡುವಾಗ ಯಾವಾಗಲೋ ಜಾರಿರಬೇಕು.” ಯಾರೂ ಅದನ್ನು ಸುಳ್ಳೆನ್ನಲು ಆಗುತ್ತಿರಲಿಲ್ಲ. ಶಹಾಬಾದ್ ಬರುವಷ್ಟರಲ್ಲಿ ನನಗೂ ಅದು ಅರ್ಧ ನಿಜ ಅನಿಸತೊಡಗಿತ್ತು.

ಶನಿವಾರ ಸಿ.ಟಿ. ನೋಡಿದೆ. ಭುಜದ ಗುಂಡಿನ ಅರ್ಧ ಸವೆದುಹೋಗಿತ್ತು. ಇನ್ನು ಕೊಯ್ದು, ಕೀಲನ್ನೇ ಬದಲಿಸಬೇಕು ಎಂದು ಹೇಳಿದೆ. ನಾನು ಕಲಿತ ವಾಕ್ಯ ಹೊರಬರುವ ಮೊದಲೇ ಟೀಚರು ಕೇಳಿದರು:

“ನಾನs ಜೋರ ಮಾಡಿ ಜಾರಿಸ್ಕೊಂಡ್ನೇನ್ರಿ?”

ನಾನು ತಲೆಯಾಡಿಸಿದೆ. ಹೌದು ಎಂದು ತಲೆಯಾಡಿಸಿದೆ.

“ನಾ ಹೇಳಿದ್ದಿಲ್ಲೇನ್ರಿ ಅತ್ತಿ, ಹುಚ್ಚರಂಗ ಮಾಡಬ್ಯಾಡ್ರಿ ಅಂತ?” ಎಂದಳು ಭಾಗ್ಯಜ್ಯೋತಿ.

ಟೀಚರು ತಲೆ ತಗ್ಗಿಸಿದರು. “ತಪ್ಪಾತ್ರಿ ಸರ್. ನಿಮಗೂ ತ್ರಾಸ ಕೊಟ್ಟೆ.”

ನನ್ನ ಜೀವಮಾನದಲ್ಲಿ ಅಷ್ಟು ಕೀಳಾಗಿ ನನಗೆ ನಾನೇ ಎಂದೂ ಕಂಡಿರಲಿಲ್ಲ. ಕುರ್ಚಿಯಲ್ಲಿ ಕೂತಿರಲು ಆಗಲಿಲ್ಲ. ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಝಟಕೆಯ ದಿನವೇ ಜಾರಿತ್ತು, ಮೊದಲ ದಿನವೇ ನೀವು ಗುರುತು ಹೇಳಿದ್ದಿರಿ, ನಾನು ಕೇಳಿಸಿಕೊಳ್ಳಲಿಲ್ಲ, ನಿಮ್ಮ ವ್ಯಾಯಾಮದಿಂದ ಆದದ್ದಲ್ಲ, ನಾನು ಬರೆದುಕೊಟ್ಟದ್ದೇ ತಪ್ಪು ಎಂದೆ.

ಟೀಚರು ಕೇಳಿದರು: “ಒಂಬತ್ತನೇ ದಿನಕ್ಕ ಬಂದಿದ್ನೆಲ್ರಿ. ಅವತ್ತ ಗೊತ್ತಾಗಿದ್ರ?”

“ಮತ್ತಿನ ಇಂಜೆಕ್ಷನ್ ಕೊಟ್ಟು ಎಳೆದು ಕೂಡಸ್ತಿದ್ದೆ. ಕೊಯ್ಯೂದು ಬೇಕಿದ್ದಿಲ್ಲ.”

ಟೀಚರು ಪರದೆಯ ಕಡೆ ನೋಡಿದರು. “ಮೈಗಳ್ಳಿ ಅಂದದ್ದು ಹೊರಗ ಕೇಳಿತ್ತು. ಇದೂ ಹೊರಗ ಕೇಳಬೇಕ್ರಿ.”

ಪರದೆ ಸರಿಸಿದೆ. ಅವತ್ತೂ ಹಾಲ್ ತುಂಬಿತ್ತು, ಚಿಮ್ಮನಚೋಡದವರೇ ಐದಾರು ಮಂದಿ ಇದ್ದರು. “ಇವರ ಡಯಾಗ್ನೋಸಿಸ್ ಸ್ವಲ್ಪ ಡಿಲೇ ಆಗ್ಯಾದ,” ಎಂದೆ.

“ತಿಳಿಯೂ ಹಂಗ ಹೇಳ್ರಿ,” ಎಂದರು ಟೀಚರು ಹಿಂದಿನಿಂದ. ಅದು ತರಗತಿಯ ದನಿ.

“ತಪ್ಪು ನಂದು. ಇವರ ರಟ್ಟಿ ಜಾರಿತ್ತು, ನಾ ನೋಡಲಿಲ್ಲ. ಇವರು ಏಳು ತಿಂಗಳು ಒಂದಿನಾನೂ ವ್ಯಾಯಾಮ ಬಿಟ್ಟಿಲ್ಲ. ನಾನs ಇವರಿಗಿ ಮೈಗಳ್ಳಿ ಅಂದೆ.”

ಯಾರೂ ನಗಲಿಲ್ಲ. ಕುಂಚಾವರಂ ಕಡೆಯ ಮುದುಕನೊಬ್ಬ ಏನಾಯಿತೆಂದು ತೆಲುಗಿನಲ್ಲಿ ಪಕ್ಕದವನನ್ನು ಕೇಳಿದ. ಪಕ್ಕದವನಿಗೆ ತೆಲುಗು ಬರುತ್ತಿರಲಿಲ್ಲ. ಟೀಚರೇ ಮುಂದೆ ಬಂದು, ನಾನು ಹೇಳಿದ್ದನ್ನು ಒಂದು ಪದವೂ ಬಿಡದೆ, ಒಂದು ಪದವೂ ಸೇರಿಸದೆ ಅವನಿಗೆ ತೆಲುಗಿನಲ್ಲಿ ಹೇಳಿದರು. ನನಗೂ ತೆಲುಗು ತಿಳಿಯುತ್ತದೆ, ಎರಡು ಸಲ ಕೇಳಬೇಕಾಯಿತು ನಾನು ನನ್ನ ತಪ್ಪನ್ನು.

ಒಳಗೆ ಬಂದು ಕೂತಾಗ ಎದೆ ಹಗುರವಾಗಿತ್ತು. ನಾಚಿಕೆಗೆಟ್ಟವನು ನಾನು, ಎಲ್ಲ ಮುಗಿಯಿತು ಅಂದುಕೊಂಡೆ. ಕ್ಯಾಲೆಂಡರ್ ತೆಗೆದು, “ಬರೂ ಮಂಗಳವಾರ ಸೇಡಂಗ ಬರ್ರಿ. ಆಪರೇಷನ್ ನಾನs ನಿಂತು ಮಾಡ್ತೀನಿ. ಅಂಗೈ ಮ್ಯಾಲ ಆಗೂ ಹಂಗ ಮಾಡೂದು ನನಗ ಬಿಡ್ರಿ,” ಎಂದೆ.

“ಹೈದರಾಬಾದಿನ ದವಾಖಾನಿಗಿ ಚಿಟ್ಟಿ ಬರದು ಕೊಡ್ರಿ ಸರ್. ಅಲ್ಲೇ ಮಾಡಸ್ತೀನಿ.”

“ನನ್ನ ಮ್ಯಾಲ ಸಿಟ್ಟ ಅದ ಏನ್ರಿ?”

“ಸಿಟ್ಟಿಲ್ರಿ. ಸಿಟ್ಟಾಗಿದ್ರ ನಾಕ ದಿನಕ್ಕ ಇಳೀತಿತ್ತು,” ಎಂದರು ಟೀಚರು, ಸಮಾಧಾನವಾಗಿಯೇ. “ಭರೋಸಾ ಇಲ್ಲ.”

ಈ ಸೀಮೆಗೆ ಭುಜದ ಡಾಕ್ಟರ್ ನಾನೊಬ್ಬನೇ ಎಂದು ಮೆರೆದವನು, ಇನ್ನೊಬ್ಬ ಭುಜದ ಡಾಕ್ಟರಿಗೆ ಕಾಗದ ಬರೆದೆ. ಮೇ ತಿಂಗಳಿನಿಂದ ಆದದ್ದನ್ನೆಲ್ಲ ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಟೀಚರು ಅದನ್ನು ಬಲಗೈಯಲ್ಲಿ ಹಿಡಿದು ಪೂರ್ತಿ ಓದಿದರು, ಮಡಚಿ ಸೊಸೆಯ ಕೈಗೆ ಕೊಟ್ಟು ಎದ್ದರು. ನನ್ನ ಕೋಣೆಯಿಂದ ಎದ್ದು ಹೋಗುವ ಪ್ರತಿಯೊಬ್ಬರೂ “ಬರ್ತೀನ್ರಿ” ಎನ್ನುತ್ತಾರೆ, ಬೈಸಿಕೊಂಡ ಆಗಸ್ಟಿನ ದಿನವೂ ಟೀಚರು ಹಾಗೆಯೇ ಅಂದು ಹೋಗಿದ್ದರು. ಅವತ್ತು ಪರದೆಯ ಹತ್ತಿರ ನಿಂತು, ತಿರುಗಿ ನೋಡಿ, “ಹೋಗ್ತೀನ್ರಿ ಸರ್” ಅಂದರು.