ಕಪ್ಪಾಗದ ಗೆರೆಗಳು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಹಬೆಯಕ್ಕ ಎಂದೇ ಕರೆಯುತ್ತಿದ್ದರು. ಆಪರೇಷನ್ನಿನ ಕತ್ತರಿ, ಚಿಮಟ, ಬಟ್ಟೆಗಳನ್ನು ಹಬೆಯ ಯಂತ್ರದಲ್ಲಿಟ್ಟು ಶುದ್ಧ ಮಾಡಿಕೊಡುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಯಂತ್ರ ಉಸಿರು ಬಿಡುವ ಸದ್ದಿನಲ್ಲೇ ಅದರ ಆರೋಗ್ಯ ಹೇಳುವಷ್ಟು ಕಿವಿ ಪಳಗಿತ್ತು. "ನನ್ನ ಮಾತಿಗಿಂತ ಆ ಡಬ್ಬದ ಮಾತೇ ನಿಂಗೆ ಚೆನ್ನಾಗಿ ಕೇಳ್ಸುತ್ತೆ" ಎಂದು ದರ್ಜಿ ಗಂಡ ರೇಗಿಸುತ್ತಿದ್ದ.

ಹೋದ ವರ್ಷ ಸರ್ಕಾರ ಆ ಕೆಲಸವನ್ನು ಒಪ್ಪಂದದ ಮೇಲೆ ಒಂದು ಖಾಸಗಿ ಕಂಪನಿಗೆ ವಹಿಸಿತು. ಸಾಮಾನುಗಳು ಊರಾಚೆಯ ಘಟಕದಿಂದ ಶುದ್ಧವಾಗಿ ಪೊಟ್ಟಣದಲ್ಲಿ ಬರತೊಡಗಿದವು. ಹಳೆಯ ಯಂತ್ರಕ್ಕೆ ಹೊದಿಕೆ ಬಿತ್ತು. ಹಬೆಯಕ್ಕನಿಗೆ ಉಳಿದದ್ದು ಪೊಟ್ಟಣ ತೆಗೆದುಕೊಂಡು ಸಹಿ ಹಾಕುವುದು.

ಆ ಬೆಳಿಗ್ಗೆ ವ್ಯಾನು ಬಂದಾಗ ಎಂಟು ಗಂಟೆ. ಒಂಬತ್ತಕ್ಕೆ ಒಬ್ಬ ಗಾರೆ ಕೆಲಸದವನ ಮುರಿದ ತೊಡೆಗೆ ಆಪರೇಷನ್. ಪೊಟ್ಟಣದ ಟೇಪಿನ ಮೇಲೆ ಗೆರೆಗಳಿರುತ್ತವೆ. ಹಬೆ ಸರಿಯಾಗಿ ತಾಗಿದರೆ ಕಪ್ಪಾಗುತ್ತವೆ. ಇವತ್ತು ಅವು ಒಂಚೂರೂ ಕಪ್ಪಾಗದೆ ತಿಳಿಗಂದು ಬಣ್ಣಕ್ಕೇ ಇದ್ದವು. ಹತ್ತು ದಿನದಿಂದಲೂ ಗೆರೆಗಳು ಮಾಸಲಾಗಿಯೇ ಇದ್ದವು. ಕಂಪನಿಯವರಿಗೆ ಗೊತ್ತಿರುತ್ತದೆ ಬಿಡು ಎಂದು ಅವಳು ಸಹಿ ಹಾಕುತ್ತಲೇ ಬಂದಿದ್ದಳು.

"ಇದನ್ನ ನಾನು ತಗೊಳ್ಳಲ್ಲ" ಎಂದಳು.

ವ್ಯಾನಿನ ಜೊತೆ ಬಂದಿದ್ದ ಕಂಪನಿಯ ಮೇಲ್ವಿಚಾರಕ ನಕ್ಕ. "ಅಕ್ಕಾ, ಕಂಪ್ಯೂಟರ್ ರಿಪೋರ್ಟಲ್ಲಿ ಎಲ್ಲಾ ಸರಿಯಾಗಿದೆ. ಟೇಪೇ ಹಳೇದಿರ್ಬೇಕು. ಸಹಿ ಹಾಕಿ, ಇನ್ನೂ ಮೂರು ಆಸ್ಪತ್ರೆ ಸುತ್ಬೇಕು."

ಅವಳು ಪೆನ್ನು ಮುಟ್ಟಲಿಲ್ಲ. ಅವನು ಫೋನ್ ಮಾಡಿದ. ಐದೇ ನಿಮಿಷಕ್ಕೆ ಆಸ್ಪತ್ರೆಯ ಸೂಪರಿಂಟೆಂಡೆಂಟ್ ಧಾವಿಸಿ ಬಂದರು.

"ಪರೀಕ್ಷೆ ಮಾಡೋದು ಕಂಪನಿ ಜವಾಬ್ದಾರಿ ಕಣಮ್ಮ. ಒಪ್ಪಂದದಲ್ಲೇ ಇದೆ. ನಿಂಗ್ಯಾಕೆ ಊರ ಉಸಾಬರಿ?"

"ಹಾಗಾದ್ರೆ ನನ್ನ ಸಹಿ ಯಾಕೆ ಸರ್?"

ಅವರು ಮೇಲ್ವಿಚಾರಕನ ಮುಖ ನೋಡಿದರು. ಅವನು ಬಾಗಿಲ ಕಡೆ ನೋಡಿದ. ಅಷ್ಟರಲ್ಲಿ ಮೇಲಿನಿಂದ ನರ್ಸ್ ಓಡಿಬಂದಳು: "ರೋಗೀನ ಒಳಗೆ ತಗೊಂಡಿದಾರೆ. ಸಾಮಾನು ಎಲ್ಲಿ?"

ಹಬೆಯಕ್ಕ ಅವಳ ಕಡೆ ತಿರುಗಿದಳು. "ಮತ್ತಿನ ಮದ್ದು ಕೊಡ್ಬೇಡಿ ಅಂತ ಡಾಕ್ಟ್ರಿಗೆ ಹೇಳಿ ಸಿಸ್ಟರ್. ನಂಗೆ ಒಂದೂವರೆ ಗಂಟೆ ಬೇಕು" ಎಂದವಳೇ ಹಳೆಯ ಯಂತ್ರದ ಹೊದಿಕೆ ಎಳೆದು ಹಾಕಿದಳು. ಕೆಲಸ ಹೋಗುತ್ತೆ ನೋಡು ಎಂದು ಸೂಪರಿಂಟೆಂಡೆಂಟ್ ಗದರಿದರು. ಅವಳು ಬಂದ ಪೊಟ್ಟಣಕ್ಕೇ ಹೊಸ ಟೇಪು ಸುತ್ತಿ ಒಳಗಿಟ್ಟು, ಬಾಗಿಲಿನ ಬೀಗದುಂಗುರ ತಿರುಗಿಸಿ ಬಿಗಿದಳು. ವರ್ಷದಿಂದ ತಣ್ಣಗೆ ಬಿದ್ದಿದ್ದ ಯಂತ್ರದ ಒತ್ತಡದ ಮುಳ್ಳು ಏಳಲೊಲ್ಲದು. ಅರ್ಧಕ್ಕೆ ಬಂದು ಬಿತ್ತು. ಬಾಗಿಲಿನ ರಬ್ಬರನ್ನು ಒರೆಸಿ, ಮತ್ತೆ ಬಿಗಿದು, ಪಕ್ಕದಲ್ಲೇ ನಿಂತಳು. ಈ ಸಲ ಮುಳ್ಳು ಏರಿ ನಿಂತಿತು. ಹತ್ತೂವರೆಗೆ ಪೊಟ್ಟಣ ಹೊರತೆಗೆದಾಗ ಗೆರೆಗಳು ಅಚ್ಚ ಕಪ್ಪಾಗಿದ್ದವು. ಗಾರೆಯವನ ಆಪರೇಷನ್ ಸುಸೂತ್ರವಾಗಿ ಮುಗಿಯಿತು.

ವಾರದ ನಂತರ ವಿಚಾರಣೆ ನಡೆಯಿತು. ಆ ಬೆಳಿಗ್ಗೆಗೆ ಕಂಪನಿಯ ಘಟಕದಲ್ಲಿ ಹಬೆಯ ಕೊಳವೆ ಒಡೆದು ಹನ್ನೊಂದು ದಿನವಾಗಿತ್ತಂತೆ. ಆಸ್ಪತ್ರೆ ಸಹಿ ಹಾಕಿ ತಗೊಂಡಿದೆಯಲ್ಲ ಎಂದು ಕಂಪನಿ, ಕಂಪನಿಯ ರಿಪೋರ್ಟ್ ನಂಬಿದೆವು ಎಂದು ಆಸ್ಪತ್ರೆ. ಕೊನೆಗೆ ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು.

"ಸಹಿ ನಂದೇ" ಎಂದಳು. "ಹತ್ತು ದಿನ ಕಣ್ಣಿದ್ದೂ ಕುರುಡಿ ಆಗಿದ್ದೆ. ಹನ್ನೊಂದನೇ ದಿನ ಆಗ್ಲಿಲ್ಲ."

ಅವಳಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು. ಕಂಪನಿಯ ಒಪ್ಪಂದ ಹಾಗೇ ಮುಂದುವರಿಯಿತು. ಘಟಕ ದುರಸ್ತಿಯಾಗುವವರೆಗೆ ಹಳೆಯ ಯಂತ್ರವನ್ನೇ ನಡೆಸಬೇಕೆಂದು ಮಾತ್ರ ಆದೇಶವಾಯಿತು.

ಅಂದು ಸಂಜೆ ಅವಳು ಮನೆಗೆ ಹೋಗದೆ ಹೆಂಗಸರ ವಾರ್ಡಿಗೆ ಹೋದಳು. ಆ ಹತ್ತು ದಿನಗಳಲ್ಲಿ ಹೊಟ್ಟೆಯ ಆಪರೇಷನ್ ಆಗಿ ಗಾಯ ಕೀವಾದ ಶಾಲಾ ಶಿಕ್ಷಕಿ ಅಲ್ಲಿದ್ದಳು. ಹಬೆಯಕ್ಕ ಸ್ಟೂಲು ಎಳೆದುಕೊಂಡು ಕೂತು ನಡೆದದ್ದನ್ನೆಲ್ಲ ಹೇಳಿದಳು, ತನ್ನ ಸಹಿಯನ್ನೂ ಸೇರಿಸಿ.

ಶಿಕ್ಷಕಿ ಹೊಟ್ಟೆಯ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ನೀವಾದ್ರೂ ಬಂದು ಹೇಳಿದ್ರಿ" ಎಂದು, ನೋವಿಗೆ ಹಲ್ಲು ಕಚ್ಚಿ ಗೋಡೆಯ ಕಡೆ ಹೊರಳಿದಳು.